ಜೋಳದ ಚೀಲದಲ್ಲಿ ಪಾಸ್‌ಪೋರ್ಟು

ಹೋದ ವಾರ ಮರಾಠಿ ಸೀಮೆಯಲ್ಲಿರುವ ನಮ್ಮ ಉಮರ್ಗಾದ ಮನೆಯ ಕಪಾಟಿನ ಬೀಗ ಒಡೆಸಬೇಕಾಯಿತು. ಕೀಲಿಕೈ ಎಂಟು ದಿನದಿಂದ ಸಿಕ್ಕಿರಲಿಲ್ಲ. ಬೀಗ ರಿಪೇರಿಯವನು ಬಂದು, ಸುತ್ತಿಗೆ ಹೊಡೆದು, ಕಪಾಟಿನ ಬಾಗಿಲನ್ನು ಒಂದಿಷ್ಟು ಸೊಟ್ಟ ಮಾಡಿ ಹೋದ. ಮರುದಿನ ಅಡುಗೆಗೆಂದು ತೊಗರಿಬೇಳೆಯ ಡಬ್ಬಿಯಲ್ಲಿ ಕೈ ಹಾಕಿದರೆ ಬೆರಳಿಗೆ ತಣ್ಣಗೆ ಏನೋ ತಾಗಿತು. ಅದೇ ಕೀಲಿಕೈ. ಇಟ್ಟವಳು ನಾನೇ ಇರಬೇಕು, ಏಕೆಂದರೆ ಈ ಮನೆಯಲ್ಲಿ ಇರುವವಳು ನಾನೊಬ್ಬಳೇ.

ಇದರಲ್ಲಿ ನಗುವಂಥದ್ದು ಇನ್ನೂ ಇದೆ. ನಾನು ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಕೊನೆಯ ಹತ್ತು ವರ್ಷ ಲಾಕರಿನ ಕೀಲಿ ನನ್ನ ಕೈಯಲ್ಲೇ ಇತ್ತು. ಸುತ್ತಲಿನ ಮುರುಮಿನಿಂದ, ಲೋಹಾರಾದಿಂದ ಬರುವ ಹೆಂಗಸರನ್ನು ಕೂರಿಸಿಕೊಂಡು, "ಮನ್ಯಾಗ ಬಂಗಾರ ಇಡಬ್ಯಾಡ್ರಿ, ಅದಕ್ಕಂತೇ ಲಾಕರ್ ಅವ" ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಉಪದೇಶ ಮಾಡುತ್ತಿದ್ದೆ. ಸಾಯಂಕಾಲ ಮನೆಗೆ ಬಂದು ನನ್ನ ಎರಡು ಬಳೆ ಜೋಳ ತುಂಬಿಡುವ ಕೋಠಿಯಲ್ಲಿ ಇವೆಯೋ ಇಲ್ಲವೋ ಎಂದು ಮೊಳಕೈವರೆಗೆ ಕೈ ಇಳಿಸಿ ನೋಡುತ್ತಿದ್ದೆ.

ಈ ರೋಗ ನನಗೆ ನಿಲಂಗಾದ ತವರುಮನೆಯಿಂದ ಬಂದದ್ದು. ಅಪ್ಪನದು ಕಾಳಿನ ವ್ಯಾಪಾರ. ಮನೆಯ ನಡುಕೋಣೆಯ ನೆಲದ ಕೆಳಗೆ ಒಂದು ಹಗೇವು ಇತ್ತು. ಇಂದಿನವರಿಗೆ ಹೇಳಬೇಕೆಂದರೆ, ಜೋಳ ತುಂಬಿ ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುವ ಆಳವಾದ ಗುಂಡಿ. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಮದುವೆಯಾಗಿ ಬಂದ ಹೊಸದರಲ್ಲಿ ನಿಜಾಮನ ರಾಜ್ಯ ಮುಗಿಯುವ ಕಾಲದ ಗಲಾಟೆ ಎದ್ದಿತ್ತಂತೆ. ಊರು ಬಿಟ್ಟು ಸೋಲಾಪುರದ ಕಡೆ ಹೋಗುವಾಗ ಆಕೆ ತನ್ನ ಬೋರಮಾಳ ಸರ, ಪಾಟಲಿ ಬಳೆ ಎಲ್ಲವನ್ನೂ ಒಂದು ಸೀರೆಯ ತುಂಡಿನಲ್ಲಿ ಕಟ್ಟಿ ಹಗೇವಿನ ಜೋಳದೊಳಗೆ ಹೂತು ಹೋದಳು. ತಿಂಗಳುಗಟ್ಟಲೆ ಆದಮೇಲೆ ತಿರುಗಿ ಬಂದರೆ ಮನೆಯಲ್ಲಿ ಬಾಗಿಲಿರಲಿಲ್ಲ, ಪಾತ್ರೆಯಿರಲಿಲ್ಲ, ಗಂಟು ಮಾತ್ರ ಇಟ್ಟಲ್ಲೇ ಇತ್ತು. ಅಂದಿನಿಂದ ಆಯಿಗೆ ಮನುಷ್ಯರ ಮೇಲಿನ ನಂಬಿಕೆ ಹೋಗಿ ಜೋಳದ ಮೇಲೆ ಕುಳಿತಿತು.

"ಸರೂ, ಮನಷ್ಯಾನ ಮುಂದ ಏನರೆ ಇಟ್ಟರ ನಾಕ ಮಂದಿಗಿ ಹೇಳ್ತಾನ. ಜ್ವಾಳ ಯಾರಿಗಿ ಹೇಳ್ತದ ಹೇಳು?" ಎಂದು ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೇಳುತ್ತಿದ್ದಳು. ನಾನು ಆರು ವರ್ಷದವಳು. ಎಣ್ಣೆಯ ಜೊತೆಗೆ ಈ ಮಾತೂ ತಲೆಯೊಳಗೆ ಇಳಿಯುತ್ತಿತ್ತು.

ಜೋಳ ಒಮ್ಮೆ ಮೋಸ ಮಾಡಿದ್ದೂ ಉಂಟು. ನಮ್ಮ ಕಾಕು, ಚಿಕ್ಕಪ್ಪನ ಹೆಂಡತಿ, ತನ್ನ ನತ್ತನ್ನು ಜೋಳದ ಬುಟ್ಟಿಯಲ್ಲಿ ಇಟ್ಟು ಮರೆತಳು. ಸೋಮವಾರ ಭಿಕ್ಷೆಗೆ ಬಂದ ಅಯ್ಯನವರ ಜೋಳಿಗೆಗೆ ಬೊಗಸೆ ಜೋಳದ ಜೊತೆ ಅದೂ ಹೋಯಿತು. ಮನೆಯಲ್ಲಿ ಇಡೀ ದಿನ ಅಳು, ಸಂಶಯ, ಕೆಲಸದವಳ ಮೇಲೆ ಕಣ್ಣು. ಮರುದಿನ ಅಯ್ಯನವರೇ ಬಾಗಿಲಲ್ಲಿ ನಿಂತು, "ಬಾಯಾರೇ, ಈಸಲ ನಿಮ್ಮ ಹೊಲದಾಗ ಜ್ವಾಳದ ಸಂಗಾಟ ಬಂಗಾರ ಬೆಳದದ ಏನ್ರಿ?" ಎಂದು ನತ್ತನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಕೆಲಸದವಳ ಹತ್ತಿರ ಯಾರೂ ತಪ್ಪಾಯಿತು ಎನ್ನಲಿಲ್ಲ. ಆಯಿ ಪಾಠ ಕಲಿತಳು ಅನ್ನುತ್ತೀರಾ? ಕಲಿತಳು. ಮುಂದಿನ ಸಲ ಸೊಸೆಯ ನತ್ತನ್ನು ಬುಟ್ಟಿಯ ಬದಲು ಹಿಂದಿನ ಸಾಲಿನ ಕೋಠಿಯಲ್ಲಿ ಇಡಿಸಿದಳು.

ಇಂಥ ಮನೆಯಲ್ಲಿ ಬೆಳೆದ ನಾನು ಐವತ್ತೆರಡನೆಯ ವಯಸ್ಸಿಗೆ ನೌಕರಿ ಬಿಟ್ಟು, ಬೆನ್ನಿಗೊಂದು ಚೀಲ ಏರಿಸಿ, ಹದಿನಾಲ್ಕು ತಿಂಗಳು ದೇಶ ದೇಶ ತಿರುಗಲು ಹೊರಟೆ. ಏಕೆ ಹೊರಟೆ ಎಂದು ಇಂದಿಗೂ ಜನ ಕೇಳುತ್ತಾರೆ. ಹೋಗಬೇಕೆನಿಸಿತು, ಅಷ್ಟೆ. ಮದುವೆಯಾಗದ ಹೆಂಗಸು ಕಾಶಿಗೆ ಹೋಗುತ್ತೇನೆಂದರೆ ಯಾರೂ ಕಾರಣ ಕೇಳುವುದಿಲ್ಲ, ತುರ್ಕಿಗೆ ಹೋಗುತ್ತೇನೆಂದರೆ ಎಲ್ಲರಿಗೂ ಕಾರಣ ಬೇಕು. ಉದಗೀರದಲ್ಲಿರುವ ತಂಗಿ ನಂದಾ ಕಾರಣ ಕೇಳಲಿಲ್ಲ, ಬೈದಳು.

"ನೀ ದುನಿಯಾ ತಿರಗ್ಲಾಕ ಹೊಂಟಿ. ನಾ ಇಲ್ಲಿ ಜೀವಾ ಕೈಯಾಗ ಹಿಡ್ಕೊಂಡು ಕುಂದರ್ಬೇಕು. ಏನರೆ ಮಾಡು, ಪಾಸಪೋರ್ಟ ಮಾತ್ರ ಸಂಭಾಳ್ಸು. ಅದು ಹೋಯ್ತಂದ್ರ ನಿನ್ನ ತಿರಗಾಟ ಮುಗೀತು ನೋಡು."

ಅದು ನಿಜ. ಪರದೇಶದಲ್ಲಿ ಪಾಸ್‌ಪೋರ್ಟು ಕಳೆದರೆ ರಾಜಧಾನಿಗೆ ಹೋಗಿ ನಮ್ಮ ದೇಶದ ಕಚೇರಿಯ ಮುಂದೆ ಕೂರಬೇಕು. ಅವಸರಕ್ಕೆ ಸಿಗುವುದು ಒಂದು ಕಾಗದ, ಅದರ ಮೇಲೆ ಮನೆಗೆ ಮಾತ್ರ ಬರಬಹುದು. ಮುಂದಿನ ದೇಶಕ್ಕೆ ಹೋಗುವಂತಿಲ್ಲ. ಅದಕ್ಕೇ ನಾನು ಅದನ್ನು ಜೋಪಾನ ಮಾಡಿದೆ. ಹೇಗೆ ಅನ್ನುವುದನ್ನು ನೀವು ಊಹಿಸಿರಬಹುದು. ವಿಯೆಟ್ನಾಮಿನ ಬಾಡಿಗೆ ಕೋಣೆಯಲ್ಲಿ ಅಕ್ಕಿಯ ಡಬ್ಬಿ, ತುರ್ಕಿಯಲ್ಲಿ ಮಸೂರ ಬೇಳೆಯ ಬರಣಿ. ಪ್ರವಾಸಿಗಳು ತಂಗುವ ಎಂಟು ಮಂಚದ ಹಾಸ್ಟೆಲ್ಲಿನಲ್ಲಿ ಮಾತ್ರ ಕಾಳು ಸಿಗದೆ ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಮೇಲಿನ ಮಂಚದ ಜರ್ಮನ್ ಹುಡುಗಿ ತನ್ನ ಪಾಸ್‌ಪೋರ್ಟನ್ನು ದಿಂಬಿನ ಮೇಲೆ ಬಿಸಾಕಿ ಊಟಕ್ಕೆ ಹೋಗುತ್ತಿದ್ದಳು. ಅದನ್ನು ನೋಡಿ ನೋಡಿ ಕೊನೆಗೆ ಅವಳ ಪಾಸ್‌ಪೋರ್ಟನ್ನೂ ನಾನೇ ಕಾಯುತ್ತ ಕೂತೆ.

ಒಂಬತ್ತನೆಯ ತಿಂಗಳಿಗೆ ಜಾರ್ಜಿಯಾಕ್ಕೆ ಬಂದೆ. ಕಾಕಸಸ್ ಪರ್ವತದ ಬುಡದಲ್ಲಿರುವ ಚಿಕ್ಕ ದೇಶ. ಅದರ ಪಶ್ಚಿಮದ ಗುಡ್ಡಗಳ ನಡುವಿನ ಒಂದು ಹಳ್ಳಿಯಲ್ಲಿ, ಪ್ರವಾಸಿಗಳಿಗೆ ಕೋಣೆ ಕೊಡುವ ನಾನುಲಿ ಎಂಬ ಹೆಂಗಸಿನ ಮನೆಯಲ್ಲಿ ಇಳಿದೆ. ವಯಸ್ಸು ಎಪ್ಪತ್ತರ ಹತ್ತಿರ, ತಲೆಗೆ ಕಪ್ಪು ವಸ್ತ್ರ, ಕೈಗಳು ಒಕ್ಕಲಿಗರ ಕೈಗಳು. ನಮ್ಮ ಕಡೆ ಹಿರಿಯ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಆಕೆಯನ್ನು ನಾನುಲಿಬಾಯಿ ಎಂದೆ. ಆಕೆಗೂ ಅದು ರೂಢಿಯಾಯಿತು.

ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಫೋನಿನ ಮೂಲಕ. ಫೋನಿನ ಯಂತ್ರಕ್ಕೆ ನನ್ನ ಮನೆಯ ಕನ್ನಡ ತಿಳಿಯುತ್ತಿರಲಿಲ್ಲ. ಮರಾಠಿಯಲ್ಲಿ ಹೇಳಿದರೆ ತಕ್ಕಮಟ್ಟಿಗೆ ಆಕೆಯ ಭಾಷೆಗೆ ತಿರುಗಿಸುತ್ತಿತ್ತು, ಆಕೆ ಹೇಳಿದ್ದನ್ನು ಒಣ ಮರಾಠಿಯಲ್ಲಿ ನನಗೆ ಓದಿ ಹೇಳುತ್ತಿತ್ತು. ಆದರೆ ಆಕೆಯ ಮುಖ ನೋಡುತ್ತ ಕೇಳಿದಾಗ ನನ್ನ ಕಿವಿಗೆ ಅದು ನಿಲಂಗಾದ ಮಾತಾಗಿಯೇ ಬೀಳುತ್ತಿತ್ತು. ಇಲ್ಲಿ ಹಾಗೆಯೇ ಬರೆಯುತ್ತೇನೆ.

ಬಂದ ಮೊದಲ ದಿನವೇ ನಾನುಲಿಬಾಯಿ ಪಾಸ್‌ಪೋರ್ಟು ಕೇಳಿ ತೆಗೆದುಕೊಂಡಳು, ಬಂದವರ ವಿವರ ಬರೆದಿಡಬೇಕೆಂದು. ಮರುದಿನ ಮಧ್ಯಾಹ್ನದವರೆಗೂ ತಿರುಗಿ ಕೊಡಲಿಲ್ಲ. ಆಕೆಯ ಕನ್ನಡಕ ಒಡೆದಿತ್ತಂತೆ, ಪಕ್ಕದ ಮನೆಯ ಎತೇರಿಯಿಂದ ಬರೆಸಲು ಒಯ್ದಿದ್ದಳಂತೆ. ಇದು ನನಗೆ ಆಮೇಲೆ ತಿಳಿದದ್ದು. ಆ ಮಧ್ಯಾಹ್ನದವರೆಗೆ ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಕೈಗೆ ಬಂದ ಕೂಡಲೇ ಜಾಗ ಹುಡುಕಿದೆ. ಕೋಣೆಯ ಬಾಗಿಲಿಗೆ ಅಗುಳಿ ಇರಲಿಲ್ಲ. ಮೂಲೆಯಲ್ಲಿ ಗೋವಿನಜೋಳದ ಮೂರು ಚೀಲಗಳಿದ್ದವು. ಅವನ್ನು ನೋಡಿ ನನ್ನ ಜೀವಕ್ಕೆ ತವರಿಗೆ ಬಂದಂತಾಯಿತು. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನನ್ನ ಹಸಿರು ಕರವಸ್ತ್ರದಲ್ಲಿ ಕಟ್ಟಿ, ಮೂರು ಗಂಟು ಹಾಕಿ, ಎಲ್ಲಕ್ಕೂ ಹಿಂದಿನ ಚೀಲದಲ್ಲಿ ಮೊಳಕೈ ಆಳಕ್ಕೆ ಇಳಿಸಿದೆ.

ಎರಡು ದಿನವಿದ್ದು ಹೋಗಬೇಕೆಂದುಕೊಂಡಿದ್ದೆ. ಮೆಟ್ಟಿಲಿನಲ್ಲಿ ಕಾಲು ಹೊರಳಿ ಕಣಕಾಲು ಬಾತುಕೊಂಡಿತು. ನಾನುಲಿಬಾಯಿ ದಿನಕ್ಕೆರಡು ಸಲ ಬಿಸಿನೀರಿನಲ್ಲಿ ಏನೇನೋ ಸೊಪ್ಪು ಹಾಕಿ ಕಾವು ಕೊಟ್ಟಳು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ನನಗಾಗಿ ಬೇರೆ ಪಾತ್ರೆಯಲ್ಲಿ ಅವರೆಯಂಥ ಕಾಳು ಬೇಯಿಸಿದಳು. ಬೆಳಿಗ್ಗೆ ನಾನು ಹಣೆಗೆ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರೆ ಕೋಳಿಗಳನ್ನು ಆಚೆ ಓಡಿಸಿ ತಾನು ಸದ್ದಿಲ್ಲದೆ ನಿಲ್ಲುತ್ತಿದ್ದಳು. ಅವರ ರೊಟ್ಟಿಯೂ ಕೈಯಲ್ಲೇ ತಟ್ಟುವಂಥದ್ದು, ಗೋವಿನಜೋಳದ ಹಿಟ್ಟಿನದು, ಅಂಗೈಯಷ್ಟು ದಪ್ಪ. ನಾನು ಜಂಬದಿಂದ, "ನಮ್ಮ ಕಡಿ ರೊಟ್ಟಿ ನೋಡ್ರಿ" ಎಂದು ತೆಳ್ಳಗೆ ಬಡಿಯಹೋದೆ. ಆ ಹಿಟ್ಟು ಮೂರು ತುಂಡಾಗಿ ಹಂಚಿನ ಮೇಲೆ ಬಿತ್ತು. ಆಕೆ ನಗುತ್ತ ನೆಲದ ಮೇಲೆ ಕುಳಿತುಬಿಟ್ಟಳು.

ಇಷ್ಟಾದರೂ ಪಾಸ್‌ಪೋರ್ಟು ಜೋಳದಲ್ಲೇ ಇತ್ತು. ಐದನೆಯ ದಿನ ಕುಂಟುತ್ತ ಕೋಣೆಗೆ ಬಂದರೆ ನಾನುಲಿಬಾಯಿ ನನ್ನ ಬೆನ್ನುಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ. ಆಕೆ ಸೂಜಿ ಎತ್ತಿ ತೋರಿಸಿದಳು, ಹರಿದಿದ್ದ ಪಟ್ಟಿಯನ್ನು ಹೊಲಿಯುತ್ತಿದ್ದಳು. ಗಟ್ಟಿ ಹೊಲಿಗೆ. ನಾನು ಕೈ ಮುಗಿದೆ. ಆದರೆ ಆಕೆ ಹೊರಗೆ ಹೋದ ಮೇಲೆ ಜೋಳದ ಚೀಲದಲ್ಲಿ ಕೈ ಇಳಿಸಿ ಕರವಸ್ತ್ರದ ಗಂಟು ಮುಟ್ಟಿ ನೋಡಿದೆ. ನನ್ನ ಸ್ವಭಾವವನ್ನು ನಾನು ಏಕೆ ಮುಚ್ಚಿಡಲಿ?

ಹೀಗೆ ಹನ್ನೊಂದನೆಯ ದಿನ ಬಂತು. ಆ ದಿನ ಮಧ್ಯರಾತ್ರಿಗೆ ನನ್ನ ವೀಸಾ ಮುಗಿಯುತ್ತಿತ್ತು. ಅಷ್ಟರೊಳಗೆ ಆರ್ಮೇನಿಯಾದ ಗಡಿ ದಾಟಬೇಕು. ಹಳ್ಳಿಯಿಂದ ದಿನಕ್ಕೆ ಒಂದೇ ಸಣ್ಣ ಬಸ್ಸು, ಬೆಳಿಗ್ಗೆ ಒಂಬತ್ತಕ್ಕೆ. ಅದು ತಪ್ಪಿದರೆ ಗಡಿ ತಪ್ಪಿದಂತೆ. ಆರಕ್ಕೆ ಎದ್ದೆ, ಸ್ನಾನ ಮಾಡಿದೆ, ಹಿತ್ತಲಿನ ಜಗುಲಿಯಲ್ಲಿ ಪೂಜೆ ಮುಗಿಸಿದೆ. ಏಳಕ್ಕೆ ಕೋಣೆಗೆ ಬಂದು ಮೂಲೆಗೆ ಹೋದರೆ ಎರಡೇ ಚೀಲ.

ಹಿಂದಿನ ಚೀಲ ಇರಲಿಲ್ಲ.

ಮೊದಲು ನಾನು ಸರಿಯಾಗಿ ನೋಡಿಲ್ಲ ಎಂದುಕೊಂಡೆ. ಚೀಲಗಳನ್ನು ಎಳೆದು ಹಿಂದೆ ನೋಡಿದೆ. ಯಾರಾದರೂ ಹಿಂದುಮುಂದು ಮಾಡಿರಬಹುದೆಂದು ಇದ್ದ ಎರಡರ ಬಾಯಿ ಬಿಚ್ಚಿ ಕೈ ಹಾಕಿದೆ, ಆಮೇಲೆ ತಾಳ್ಮೆ ಕೆಟ್ಟು ಒಂದನ್ನು ನೆಲಕ್ಕೆ ಸುರಿದೆ. ಜೋಳ, ಜೋಳ, ಬರೀ ಜೋಳ. "ನಾನುಲಿಬಾಯೀ" ಎಂದು ಕೂಗಿದೆ. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು, ಆಕೆ ಇರಲಿಲ್ಲ. ಆಗ ನನ್ನ ಮನಸ್ಸಿಗೆ ಬಂದ ಮೊದಲ ಮಾತನ್ನು ಹಾಗೆಯೇ ಬರೆಯುತ್ತೇನೆ. ಕದ್ದಳು, ಎಂದುಕೊಂಡೆ. ಇಷ್ಟು ದಿನದ ಕಾವು, ಕಾಳು, ಹೊಲಿಗೆ ಎಲ್ಲ ಇದಕ್ಕೇ, ಎಂದುಕೊಂಡೆ. ಹನ್ನೊಂದು ದಿನ ಅನ್ನ ಹಾಕಿದವಳನ್ನು ಕಳ್ಳಿ ಮಾಡಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ.

ನಂದಾಳಿಗೆ ಫೋನು ಹಚ್ಚಿದೆ. ಉದಗೀರದಲ್ಲಿ ಎಂಟೂವರೆ, ಆಕೆ ಕುಕ್ಕರಿನ ಸಿಳ್ಳೆಯ ನಡುವೆ ಎತ್ತಿದಳು.

"ನಂದಾ, ಪಾಸಪೋರ್ಟ ಹೋಯ್ತು."

"ಅಗಬಾಯಿ! ಎಲ್ಲಿಟ್ಟಿದ್ದಿ?"

"ಜ್ವಾಳದ ಚೀಲದಾಗ."

ಆ ಕಡೆ ಕುಕ್ಕರಿನ ಒಲೆ ಆರಿಸಿದ ಸದ್ದು ಬಂತು. ಆಮೇಲೆ ನಂದಾ ಅಂದಳು, "ಅಕ್ಕಾ, ನಿನಗ ಬುದ್ಧಿ ಅದ ಏನು? ಪರದೇಶದಾಗ ಮಂದಿ ಮನಿ ಜ್ವಾಳದಾಗ ಇಡ್ತಾರೇನ್ ಯಾರರೆ?"

"ಅಲ್ಲೇ ಸೇಫ್ ಇರ್ತದಂತ..."

"ಆಯಿ ಹೋಗಿ ಮೂವತ್ತು ವರ್ಸ ಆಯ್ತು, ಇನ್ನಾ ನಿನ್ನ ಹೆಗಲ ಮ್ಯಾಲ ಕುಂತಾಳ. ಆ ಬಾಯಿಗಿ ಹೇಳಿದ್ದೇನು ಅಲ್ಲಿ ಇಟ್ಟೀನಂತ?"

"ಇಲ್ಲ."

"ಮತ್ತ ಆಕಿಗಿ ಹ್ಯಾಂಗ ಗೊತ್ತಾಗಬೇಕು! ಅಳಬ್ಯಾಡ. ಅಳಕೋಂತ ಕುಂತರ ಬಸ್ ನಿಂದರ್ತದ ಏನು? ಹೊರಗ ಹೋಗು, ಚೀಲ ಎಲ್ಲಿಗಿ ಹೋಗ್ಯದ ಕೇಳು ಮೊದಲ."

ಹೊರಗೆ ಬಂದೆ. ಬೇಲಿಯ ಆಚೆ ಎತೇರಿ ಬಟ್ಟೆ ಒಣಹಾಕುತ್ತಿದ್ದಳು. ಫೋನಿನ ಯಂತ್ರಕ್ಕೆ ಮರಾಠಿ ಹೇಳುವಷ್ಟು ಬುದ್ಧಿ ಆಗ ಇರಲಿಲ್ಲ. "ನಾನುಲಿಬಾಯಿ? ನಾನುಲಿಬಾಯಿ?" ಎಂದು ಕೈ ಆಡಿಸಿದೆ. ಆಕೆ ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು, ಬೆನ್ನು ಬಗ್ಗಿಸಿ ಗಾಡಿ ತಳ್ಳಿ ತೋರಿಸಿದಳು, ಕೆಳಗಿನ ಹಳ್ಳದ ಕಡೆ ಬೊಟ್ಟು ಮಾಡಿದಳು. ಆಮೇಲೆ ಮುಷ್ಟಿ ಹಿಡಿದು ಗಾಳಿಯಲ್ಲಿ ದುಂಡಗೆ ತಿರುಗಿಸಿದಳು. ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸುವ ಕೈ. ನಮ್ಮ ಆಯಿಯ ಕೈಯೂ ಹೀಗೆಯೇ ತಿರುಗುತ್ತಿತ್ತು.

ಬೀಸಲಿಕ್ಕೆ ಹೋಗಿದ್ದಾಳೆ. ನನ್ನ ಪಾಸ್‌ಪೋರ್ಟು ಗಿರಣಿಗೆ ಹೋಗಿದೆ.

ಕಳವಾಗಿಲ್ಲ ಎಂದು ಸಮಾಧಾನಪಡುವ ಹೊತ್ತು ಅದಲ್ಲ. ಹಳ್ಳದ ನೀರಿನಿಂದ ತಿರುಗುವ ಆ ಗಿರಣಿಯನ್ನು ನಾನು ದೂರದಿಂದ ನೋಡಿದ್ದೆ. ಇಳಿಜಾರಿನ ಕಲ್ಲುದಾರಿ, ಒಂದೂವರೆ ಕಿಲೋಮೀಟರಾದರೂ ಆದೀತು. ಬಾವು ಇಳಿದು ಎರಡೇ ದಿನವಾದ ಕಾಲು. ಓಡಿದೆ ಅಂದರೆ ಉತ್ಪ್ರೇಕ್ಷೆಯಾದೀತು. ಕುಂಟಿದೆ, ಜಾರಿದೆ, ಒಂದು ಕಡೆ ಕುಳಿತುಕೊಂಡೇ ಇಳಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ. ಎರಡು ಕಲ್ಲುಗಳ ನಡುವೆ ನನ್ನ ಫೋಟೋ, ಹುಟ್ಟಿದ ಊರು ನಿಲಂಗಾ, ಒಂಬತ್ತು ತಿಂಗಳ ಮುದ್ರೆಗಳೆಲ್ಲ ಹಳದಿ ಹಿಟ್ಟಿನೊಂದಿಗೆ ಪುಡಿಯಾಗಿ ಬೀಳುತ್ತಿವೆ. ಇನ್ನು ಐದು ತಿಂಗಳ ದಾರಿ ಉಳಿದಿತ್ತು. ಅದಕ್ಕಾಗಿ ಎಷ್ಟು ವರ್ಷ ಕಾದಿದ್ದೆ ಎಂದು ನೆನೆದು, ನಡೆಯುತ್ತಲೇ ಜೋರಾಗಿ ಅತ್ತೆ.

ಗಿರಣಿಯ ಸದ್ದು ಮೊದಲು ಕೇಳಿಸಿತು. ನಡೆಯುತ್ತಿದೆ. ಬಾಗಿಲಲ್ಲಿ ನಾನುಲಿಬಾಯಿಯ ಕೈಗಾಡಿ, ಅದರಲ್ಲಿ ಖಾಲಿ ಚೀಲ. ಪೂರ್ತಿ ಖಾಲಿ.

"ನಿಲ್ಲಸ್ರೀ! ನಿಲ್ಲಸ್ರೀ!" ಎಂದು ಒಳಗೆ ನುಗ್ಗಿದೆ. ಯಾವ ಯಂತ್ರವೂ ತಿರುಗಿಸಿ ಹೇಳಬೇಕಾಗಲಿಲ್ಲ. ಗಿರಣಿಯ ಮುದುಕ ನನ್ನ ಮುಖ ನೋಡಿ ನೀರಿನ ಹಲಗೆ ಇಳಿಸಿದ. ಕಲ್ಲು ಗೊಣಗುತ್ತ, ಗೊಣಗುತ್ತ ನಿಂತಿತು. ಆಗ ನೋಡಿದೆ, ಅವನ ಇನ್ನೊಂದು ಕೈಯಲ್ಲಿ ಒಂದು ಕಬ್ಬಿಣದ ಸರಳಿತ್ತು. ಕಲ್ಲಿನ ಮೇಲೆ ತೂಗುಹಾಕಿದ್ದ ಮರದ ಡೋಣಿಗೆ ಚೀಲವನ್ನೆಲ್ಲ ಸುರಿದಿದ್ದರು. ಕಾಳು ಇಳಿಯುವುದು ನಿಂತುಹೋಗಿತ್ತು. ಏನು ಸಿಕ್ಕಿದೆಯೆಂದು ಅವನು ಸರಳಿನಿಂದ ತಿವಿಯುತ್ತಿದ್ದ.

ನಾನು ಡೋಣಿಯೊಳಗೆ ಕೈ ಹಾಕಿದೆ. ಮೊಳಕೈ, ತೋಳು, ಹೆಗಲು. ಬುಡದ ಸಣ್ಣ ಬಾಯಿಯಲ್ಲಿ ಬಟ್ಟೆ ಬೆರಳಿಗೆ ತಾಗಿತು. ಎಳೆದರೆ ಬರಲಿಲ್ಲ. ಕಾಳನ್ನು ಬೊಗಸೆಯಿಂದ ಆಚೆ ತಳ್ಳಿ ಮತ್ತೆ ಎಳೆದೆ. ಹಸಿರು ಕರವಸ್ತ್ರ, ಮೂರು ಗಂಟು. ಹಲ್ಲಿನಿಂದ ಬಿಚ್ಚಿದೆ. ಸರಳು ಹಿಂಬದಿಯ ಹೊದಿಕೆಯನ್ನು ತೂತುಮಾಡಿ ಹಿಂದಿನ ಖಾಲಿ ಹಾಳೆಗಳವರೆಗೆ ಹೋಗಿತ್ತು. ಫೋಟೋ ಇತ್ತು. ವೀಸಾ ಇತ್ತು. ಅದನ್ನು ಎದೆಗೊತ್ತಿಕೊಂಡು ಹಿಟ್ಟಿನ ನೆಲದಲ್ಲೇ ಕುಳಿತೆ.

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದರೆ ನಾನುಲಿಬಾಯಿ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೈಯ ಕರವಸ್ತ್ರ ನೋಡುತ್ತಿದ್ದಳು, ಅದರ ಗಂಟುಗಳನ್ನು. ಆಮೇಲೆ ಖಾಲಿ ಚೀಲ ನೋಡಿದಳು. ತಾನಾಗಿಯೇ ಬಿದ್ದದ್ದು ಹೀಗೆ ಗಂಟು ಹಾಕಿಕೊಂಡು ಬೀಳುವುದಿಲ್ಲವೆಂದು ಆಕೆಗೆ ತಿಳಿಯಿತು. ನನ್ನ ಫೋನು ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಏನೋ ಹೇಳಿದಳು.

"ಮನಿ ಹಿಟ್ಟು ಹಳೇದಾಗಿತ್ತು. ನಿನಗ ಬುತ್ತಿ ಕಟ್ಟಲಾಕ ಹೊಸಾ ಹಿಟ್ಟು ಬೇಕಂತ ಬಂದೆ. ಆ ಚೀಲದಾಗಿನ ಜ್ವಾಳ ಎಲ್ಲಾಕ್ಕಿಂತ ಚಲೋ. ನೀ ಜಳಕಾ ಮಾಡ್ಲಾಕತ್ತಿದ್ದಿ, ಕೇಳಲಿಲ್ಲ."

ಮತ್ತೆ ಫೋನು ಎತ್ತಿದಳು. "ಯಾಕ ಅದರಾಗ ಇಟ್ಟಿದ್ದಿ?"

ಫೋನು ನನ್ನ ಕೈಗೆ ತೆಗೆದುಕೊಂಡೆ. "ನಮ್ಮ ದೇಶದಾಗ ಪದ್ಧತಿ ಅದರಿ," ಎಂದೆ. "ದಾರಿಗಿ ಹೋಗುವಾಗ ಕಾಳಿನಾಗ ಇಟ್ಟರ ಒಳ್ಳೇದಾಗ್ತದಂತ." ಎಷ್ಟು ಸರಾಗವಾಗಿ ಬಂತು ಆ ಸುಳ್ಳು. ನಾನುಲಿಬಾಯಿಯ ಮುಖ ಅರಳಿತು. ಗಿರಣಿಯ ಮುದುಕನಿಗೆ ಅದನ್ನು ವಿವರಿಸಿ ಹೇಳಿದಳು. ಅವನು ಗೌರವದಿಂದ ಎದೆಯ ಮೇಲೆ ಕೈ ಇಟ್ಟುಕೊಂಡು ನನಗೆ ತಲೆಬಾಗಿದ. ನನ್ನ ದೇಶದ ಮಾನವನ್ನು ಅಷ್ಟು ಸಸ್ತಾದಲ್ಲಿ ಯಾರೂ ಮಾರಿರಲಾರರು.

ಬುತ್ತಿಗಾಗುವಷ್ಟು ಬೀಸಿಸಿಕೊಂಡು ಹಿಟ್ಟು ಹೊತ್ತು ಮೇಲೆ ಬಂದಾಗ ಎಂಟೂವರೆ ದಾಟಿತ್ತು. ನಾನು ಬೆನ್ನುಚೀಲ ಏರಿಸಿಕೊಂಡು ಬಾಗಿಲಲ್ಲಿ ನಿಂತು, "ರೊಟ್ಟಿ ಬ್ಯಾಡ್ರಿ, ಬಸ್ ಹೋಗ್ತದ" ಎಂದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಬಿಸಿನೀರು ಸುರಿದು ಹಿಟ್ಟು ನಾದಿದಳು, ಮಣ್ಣಿನ ಹಂಚು ಕಾಯುತ್ತಲೇ ಇತ್ತು. ದಾರಿಯಲ್ಲಿ ಎತೇರಿ ಕಂಡಾಗ ಅವಳಿಗೂ ನನ್ನ ದೇಶದ ಪದ್ಧತಿ ಹೇಳಿದ್ದಳು, ಈಗ ಹಂಚಿನ ಮುಂದೆ ಕುಳಿತು ತನ್ನಷ್ಟಕ್ಕೆ ತಲೆಯಾಡಿಸುತ್ತ ಮೆಚ್ಚಿಕೊಳ್ಳುತ್ತಿದ್ದಳು. ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟುಕೊಂಡು ನಿಂತ ನನಗೆ ಅದನ್ನು ನೋಡುವುದು ಆಗಲಿಲ್ಲ. ಬಸ್ಸು ತಪ್ಪಿದರೂ ತಪ್ಪಲಿ ಅನ್ನಿಸಿತು. ಈ ಸುಳ್ಳಿನ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಅನ್ನಿಸಿತು.

ಫೋನು ಎತ್ತಿ ಮರಾಠಿಯಲ್ಲಿ, ಬ್ಯಾಂಕಿನಲ್ಲಿ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ. ಪದ್ಧತಿ ಇಲ್ಲ, ಏನೂ ಇಲ್ಲ. ನೀವು ಪಾಸ್‌ಪೋರ್ಟು ಒಯ್ದಿರಿ ಅಂತ ಹೆದರಿದೆ. ನೀವು ತೆಗೆದುಕೊಂಡೀರಿ ಅಂತ ಬಚ್ಚಿಟ್ಟೆ. ಇವತ್ತು ಬೆಳಿಗ್ಗೆ ನೀವೇ ಕದ್ದಿರಿ ಅಂದುಕೊಂಡೆ.

ಯಂತ್ರ ಅದನ್ನೆಲ್ಲ ಆಕೆಯ ಭಾಷೆಯಲ್ಲಿ, ಒಂದೇ ಸ್ವರದಲ್ಲಿ ಓದಿತು. ನಾನುಲಿಬಾಯಿಯ ಕೈ ಹಿಟ್ಟಿನ ಮೇಲೆ ನಿಂತಿತು. ನಡೆ ನನ್ನ ಮನೆಯಿಂದ ಅನ್ನುತ್ತಾಳೆ ಎಂದು ಕಾದೆ. ಆಕೆ ಸೆರಗಿನಂತಿದ್ದ ತಲೆವಸ್ತ್ರದ ತುದಿಗೆ ಕೈ ಒರೆಸಿಕೊಂಡು ಫೋನು ಕೊಡು ಎಂದು ಸನ್ನೆ ಮಾಡಿದಳು.

"ನೀ ಬಂದ ದಿನಾ," ಎಂದಿತು ಫೋನು, "ನಮ್ಮವ್ವನ ಬೆಳ್ಳಿ ಚಮಚಾ, ಬಟ್ಟಲಾ ಎಲ್ಲಾ ಗಂಟು ಕಟ್ಟಿ ಎತೇರಿ ಮನ್ಯಾಗ ಇಟ್ಟು ಬಂದಿದ್ದೆ. ಒಬ್ಬಾಕಿನೇ ಹೆಣ್ಮಗಳು, ದೊಡ್ಡ ಚೀಲ, ಗುರ್ತಿಲ್ಲ ಪರಿಚಯಿಲ್ಲ. ಅಂಜಿಕಿ ಬಂದಿತ್ತು."

ನನಗೆ ನಗು ಬಂತು. ಮೈಮೇಲಿನ ಭಾರವೆಲ್ಲ ಇಳಿದಂಥ, ಕಣ್ಣಲ್ಲಿ ನೀರು ಬರುವಂಥ ನಗು. ಹಾಗಾದರೆ ನಾವಿಬ್ಬರೂ ಒಂದೇ, ಸರಿಗೆ ಸರಿ! ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ನಗುತ್ತಲೇ ಕೇಳಿದೆ, "ಮತ್ತ ಇನ್ನಾ ಎತೇರಿ ಮನ್ಯಾಗೇ ಅವ ಏನ್ರಿ?"

ಫೋನು ಹೇಳಿ ಮುಗಿಸುವ ಮೊದಲೇ ನಾನುಲಿಬಾಯಿ ಇಲ್ಲವೆಂದು ತಲೆಯಾಡಿಸಿದಳು. ಹಿಟ್ಟು ಮೆತ್ತಿದ ಮೂರು ಬೆರಳು ಎತ್ತಿದಳು. ಫೋನಿಗೆ ಒಂದೇ ಒಂದು ಮಾತು ಹೇಳಿದಳು.

"ಮೂರನೇ ದಿನಾನೇ ವಾಪಸ್ ತಂದೆ."

ನನ್ನ ನಗು ಅಲ್ಲಿಗೇ ನಿಂತಿತು. ಆಕೆ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಬಸ್ಸು ಬಂತು ನಡೆ, ನಡೆ ಎಂದು ಬೆನ್ನಿಗೆ ಕೈ ಕೊಟ್ಟು ಬಾಗಿಲಾಚೆ ತಳ್ಳಿದಳು.